ಬೆಳಿಗ್ಗೆ ಎಂಟು, ರಾತ್ರಿ ಎಂಟು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಲೆಕ್ಕದ ಚಟ ಬಿಡುವುದಿಲ್ಲ. ಮೊನ್ನೆ ಮಧ್ಯಾಹ್ನ ಕುಳಿತು, ನಾನು ಇದುವರೆಗೆ ನುಂಗಿರುವ ಮಾತ್ರೆಗಳ ಲೆಕ್ಕ ಹಾಕಿದೆ. ಐವತ್ತು ವರ್ಷ, ದಿನಕ್ಕೆ ಸರಾಸರಿ ಮೂರು. 54,750 ಆಯಿತು. ನಡುವೆ ಬಂದುಹೋದ ಹದಿಮೂರು ಫೆಬ್ರುವರಿ 29ರ ಬಾಬ್ತು 39 ಸೇರಿಸಿದರೆ 54,789. ಅಷ್ಟನ್ನೂ ನುಂಗಿದ್ದು ಒಂದೇ ಕಾಯಿಲೆಗೆ. ಪುಸ್ತಕದಲ್ಲಿ ಅದನ್ನು ಅಪಸ್ಮಾರ ಎನ್ನುತ್ತಾರೆ, ನಮ್ಮೂರಿನ ಕಡೆ ಮೂರ್ಛೆ ರೋಗ, ಪೇಟೆಯವರ ಬಾಯಲ್ಲಿ ಫಿಟ್ಸ್. ನಮ್ಮ ತಂದೆ ಮಾತ್ರ ಕೊನೆಯವರೆಗೂ ‘ಅದು’ ಎಂದೇ ಅನ್ನುತ್ತಿದ್ದರು.

ಈ ಕಾಯಿಲೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮಾತ್ರೆಯ ಬಗ್ಗೆ ಬರೆಯುವವರು ಕಡಿಮೆ. ನನಗೆ ಈ ಐವತ್ತು ವರ್ಷದಲ್ಲಿ ಫಿಟ್ಸ್ ಬಂದದ್ದು ಎಲ್ಲ ಸೇರಿ ಇಪ್ಪತ್ತು ಸಲ ಇದ್ದೀತು. ಒಂದೊಂದು ಸಲಕ್ಕೆ ಎರಡು ಮೂರು ನಿಮಿಷ. ಒಟ್ಟು ಕೂಡಿದರೆ ಒಂದು ಗಂಟೆ. ಮಿಕ್ಕ ಕಾಲವೆಲ್ಲ ನಾನು ಸಂಸಾರ ಮಾಡಿದ್ದು ಮಾತ್ರೆಯ ಜೊತೆಗೆ.

ಮೊದಲ ಸಲ ಬಂದದ್ದು ಹಾಸನದ ಶಾಖೆಯಲ್ಲಿದ್ದಾಗ, 1975ರ ಜನವರಿ ಒಂದನೇ ತಾರೀಕು ಬೆಳಗಿನ ಜಾವ. ಆಗ ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಕಂಪ್ಯೂಟರ್ ಇಲ್ಲದ ಕಾಲ. ಉಳಿತಾಯ ಖಾತೆಗಳಿಗೆಲ್ಲ ಬಡ್ಡಿಯನ್ನು ಕೈಯಲ್ಲೇ ಲೆಕ್ಕ ಹಾಕಿ ಲೆಡ್ಜರಿಗೆ ಏರಿಸಬೇಕು. ಎರಡು ರಾತ್ರಿ ನಿದ್ದೆಯಿರಲಿಲ್ಲ. ಲೆಡ್ಜರಿನ ಮೇಲೆಯೇ ಬಿದ್ದೆನಂತೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದಕ್ಕೆ ತಿಜೋರಿಯ ಕೀಲಿಗೊಂಚಲನ್ನೇ ನನ್ನ ಕೈಗೆ ತುರುಕಿದರಂತೆ. ಮೂವತ್ತೇಳು ವರ್ಷದ ನೌಕರಿಯಲ್ಲಿ ಆ ಕೀಲಿ ನನ್ನ ಕೈಗೆ ಬಂದದ್ದು ಅದೊಂದೇ ಸಲ!

ಮಕ್ಕಳೂ ಓದುವ ಪತ್ರಿಕೆಯಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಕೀಲಿ, ಈರುಳ್ಳಿ, ಚಪ್ಪಲಿ ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ, ಅದು ತಾನಾಗಿ ನಿಲ್ಲುತ್ತದೆ. ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ಮೊದಲು ಕೊಟ್ಟ ಮಾತ್ರೆ ಫಿನೋಬಾರ್ಬಿಟೋನ್. 1912ರಿಂದ ಅಪಸ್ಮಾರಕ್ಕೆ ಬಳಕೆಯಲ್ಲಿರುವ ಮದ್ದು. ಫಿಟ್ಸ್ ಏನೋ ನಿಂತಿತು, ಆದರೆ ಹಗಲೆಲ್ಲ ಮಂಪರು. ಹನ್ನೊಂದು ಗಂಟೆಯ ಹೊತ್ತಿಗೆ ವೋಚರು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದೆ. ಆಮೇಲೆ ಫೆನಿಟಾಯಿನ್‌ಗೆ ಬದಲಾಯಿಸಿದರು. ಅಮೆರಿಕದಲ್ಲಿ ಮೆರಿಟ್ ಮತ್ತು ಪಟ್ನಮ್ ಎಂಬ ಇಬ್ಬರು ವೈದ್ಯರು 1938ರಲ್ಲಿ ಬಳಕೆಗೆ ತಂದದ್ದು. ಅಷ್ಟಾಗಿ ನಿದ್ದೆ ಬರಿಸದೆ ಫಿಟ್ಸ್ ತಡೆಯುತ್ತದೆ ಎನ್ನುವುದೇ ಅದರ ಹೆಚ್ಚುಗಾರಿಕೆ. ಈ ಹಳೆಯ ಮದ್ದುಗಳನ್ನು ನಾನು ಹೀಗಳೆಯುವುದಿಲ್ಲ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಇವೆರಡನ್ನೇ ಕೊಟ್ಟು ಎಷ್ಟೋ ಜನರ ಕಾಯಿಲೆಯನ್ನು ಹತೋಟಿಗೆ ತಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್‌ನಂಥ ದೊಡ್ಡ ಪತ್ರಿಕೆಯಲ್ಲಿ ಬಂತು. ಬಡವರ ಕೈಗೆಟುಕುವ ಮದ್ದು ಅದು.

ಆದರೆ ಫೆನಿಟಾಯಿನ್‌ಗೆ ಒಂದು ವಿಚಿತ್ರ ಗುಣವಿದೆ. ದಿನಕ್ಕೆ 300 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ. ನಡುವೆ ಒಂದೆರಡು ಸಲ ಫಿಟ್ಸ್ ಬಂತೆಂದು ವೈದ್ಯರು 400 ಮಾಡಿದರು. ಎರಡು ವಾರ ಕಳೆಯುವಷ್ಟರಲ್ಲಿ ಲೆಡ್ಜರಿನ ಸಾಲುಗಳು ಎರಡೆರಡಾಗಿ ಕಾಣತೊಡಗಿದವು. 27 ಎಂದು ಬರೆದದ್ದರ ಪಕ್ಕದಲ್ಲಿ ಇನ್ನೊಂದು 27. ನಡೆದರೆ ಕಾಲು ಅತ್ತಿತ್ತ ಹೋಗುತ್ತಿತ್ತು, ಮಾತು ತೊದಲುತ್ತಿತ್ತು. ನಮ್ಮ ಶಾಖೆಯಲ್ಲಿ ನಾನು ಬೆಳಿಗ್ಗೆಯೇ ಕುಡಿದು ಬರುತ್ತೇನೆಂದು ಸುದ್ದಿಯಾಯಿತು. ಒಬ್ಬ ಹಿರಿಯರು ಪಕ್ಕಕ್ಕೆ ಕರೆದು, “ಏನಯ್ಯಾ, ಒಳ್ಳೆ ಮನೆತನದವನು ನೀನು” ಎಂದು ಬುದ್ಧಿ ಹೇಳಿದರು. ಕಾಫಿಗಿಂತ ಹೆಚ್ಚಿನದೇನನ್ನೂ ಮುಟ್ಟದವನಿಗೆ ಈ ಮಾತು!

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ಅಲ್ಲಿಯ ವೈದ್ಯರು ಬೆರಳು ತೋರಿಸಿ, ತಲೆ ಅಲುಗಿಸದೆ ಕಣ್ಣಿನಲ್ಲೇ ಅದನ್ನು ಹಿಂಬಾಲಿಸಿ ಎಂದರು. ನನ್ನ ಕಣ್ಣುಗುಡ್ಡೆ ಜಗ್ಗಿ ಜಗ್ಗಿ ಓಡುತ್ತಿತ್ತು. ಒಂದೇ ನಿಮಿಷದಲ್ಲಿ, “ಮದ್ದು ಹೆಚ್ಚಾಗಿದೆ” ಎಂದರು. ಮುನ್ನೂರಕ್ಕೆ ನೂರು ಸೇರಿಸಿದರೆ ಇಷ್ಟೊಂದು ಹೇಗಾಗುತ್ತದೆ ಎಂದು ನಾನು ಕೇಳಿದೆ. ಅವರು ವಿವರಿಸಿದ್ದನ್ನು ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಪಿತ್ತಜನಕಾಂಗದಲ್ಲಿ ಈ ಮದ್ದನ್ನು ವಿಲೇವಾರಿ ಮಾಡಲು ಇರುವುದು ಒಂದೇ ಕೌಂಟರು. ಒಬ್ಬ ಕ್ಯಾಷಿಯರ್ ಗಂಟೆಗೆ ಇಷ್ಟೇ ಟೋಕನ್ ಕರೆಯಬಲ್ಲ. ಅಲ್ಲಿಯವರೆಗೆ ಜನ ಬಂದಂತೆ ಹೋಗುತ್ತಿರುತ್ತಾರೆ. ಅದಕ್ಕಿಂತ ಸ್ವಲ್ಪವೇ ಜಾಸ್ತಿ ಬಂದರೂ ಸಾಲು ನಿಂತುಬಿಡುತ್ತದೆ, ಮರುದಿನದವರು ಅದರ ಹಿಂದೆ ಬಂದು ನಿಲ್ಲುತ್ತಾರೆ, ಸಾಲು ರಸ್ತೆಗೆ ಬರುತ್ತದೆ. ರಕ್ತದಲ್ಲಿ ಮದ್ದು ಹಾಗೆ ನಿಂತಿತ್ತು. ಕೆಲವು ದಿನ ಕಡಿಮೆ ಮಾಡಿಸಿ, ಕೊನೆಗೆ 350ಕ್ಕೆ ನಿಲ್ಲಿಸಿದರು. ಐವತ್ತು ಮಿಲಿಗ್ರಾಂನ ಒಂದು ಸಣ್ಣ ಮಾತ್ರೆ ನನ್ನನ್ನು ಕುಡುಕನೆಂಬ ಹೆಸರಿನಿಂದ ಪಾರು ಮಾಡಿತು. ಹಿರಿಯರಿಗೆ ವಿಷಯ ತಿಳಿಸಿದೆ. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ವಸಡು ಊದಿದ್ದು ಇನ್ನೊಂದು. ಹಲ್ಲಿನ ಅರ್ಧದವರೆಗೂ ಇಳಿದು ಬಂತು. ನನ್ನ ಮದುವೆಯ ಒಂದು ಫೋಟೋದಲ್ಲೂ ನಾನು ಬಾಯಿಬಿಟ್ಟು ನಕ್ಕಿಲ್ಲ. ದಿನಕ್ಕೆ ಎರಡು ಸಲ ಚೆನ್ನಾಗಿ ಹಲ್ಲುಜ್ಜಿದರೆ ಅದು ಕಡಿಮೆಯಿರುತ್ತದೆ ಎಂದು ದಂತವೈದ್ಯರೊಬ್ಬರು ಹೇಳಿದ ಮೇಲೆ ತಕ್ಕಮಟ್ಟಿಗೆ ಹತೋಟಿಗೆ ಬಂತು.

ಮದುವೆ ಅಂದೆನಲ್ಲ, 1979ರಲ್ಲಿ ಆದದ್ದು. ಮೂರೇ ವರ್ಷ ಹಿಂದೆ, 1976ರಲ್ಲಿ, ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು, ಮರುಕಳಿಸುವ ಅಪಸ್ಮಾರವಿದ್ದರೆ ಮದುವೆಯನ್ನೇ ರದ್ದು ಮಾಡಿಸಬಹುದು ಎಂದು ಸೇರಿಸಿದ್ದರು. ಆ ಮಾತನ್ನು ತೆಗೆದುಹಾಕಿದ್ದು 1999ರಲ್ಲಿ. ಹೇಳುವುದು ಬೇಡವೆಂದು ತಂದೆಯವರ ಹಟ, ಹೇಳಿಯೇ ತೀರಬೇಕೆಂದು ನನ್ನದು. ಹೆಣ್ಣಿನ ಮನೆಯವರ ಮುಂದೆ ಮಾತ್ರೆಯ ಡಬ್ಬಿಯನ್ನೇ ಇಟ್ಟೆ. ಅವರ ಕಡೆಯ ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ಹುಡುಗಿ ಒಳಗಿನಿಂದಲೇ, “ದಿನಾ ತಗೊಳ್ತಾರಂತಾ ಕೇಳಿ” ಎಂದಳು. ತಗೊಳ್ತೇನೆ ಎಂದೆ. ಆ ಕರಾರು ಇನ್ನೂ ಜಾರಿಯಲ್ಲಿದೆ.

ಈ ‘ದಿನಾ’ ಎಂಬುದೇ ಕಷ್ಟದ ಮಾತು. ಜ್ವರದ ಮಾತ್ರೆಯಾದರೆ ಜ್ವರ ನೆನಪಿಸುತ್ತದೆ. ಇಲ್ಲಿ ಮೈ ಚೆನ್ನಾಗಿಯೇ ಇರುತ್ತದೆ, ನೆನಪಿಸುವುದಕ್ಕೆ ಏನೂ ಇಲ್ಲ. ಹೊಟ್ಟೆಗೆ ಹೋದ ಮದ್ದು ಗಂಟೆ ಗಂಟೆಗೂ ಕರಗುತ್ತಿರುತ್ತದೆ. ಫೆನಿಟಾಯಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಹೆಚ್ಚುಕಡಿಮೆ ಒಂದು ದಿನ ಬೇಕು. ನಾನು ಈಗ ತೆಗೆದುಕೊಳ್ಳುವ ಲೆವೆಟಿರಾಸೆಟಮ್‌ಗೆ ದೊಡ್ಡವರಲ್ಲಿ ಏಳೆಂಟು ಗಂಟೆ ಸಾಕು, ನನ್ನಂಥ ಮುದುಕರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದಕ್ಕೇ ಬೆಳಿಗ್ಗೆ ಎಂಟು, ರಾತ್ರಿ ಎಂಟು. ಮಾತ್ರೆ ಹೊತ್ತಿಗೆ ಸರಿಯಾಗಿ ಬಿದ್ದರೆ ರಕ್ತದಲ್ಲಿ ಮದ್ದಿನ ಮಟ್ಟ ಸಮವಾಗಿರುತ್ತದೆ.

ಏಕಾದಶಿಯ ದಿನ ನೀರನ್ನೂ ಮುಟ್ಟದ ನಮ್ಮ ತಾಯಿ, ಪುರೋಹಿತರನ್ನು ಕೇಳಿಕೊಂಡು ಬಂದು, ಮದ್ದಿಗೆ ಉಪವಾಸದ ದೋಷವಿಲ್ಲವೆಂದು ಅಪ್ಪಣೆ ಕೊಟ್ಟರು. ಶಿವರಾತ್ರಿಯ ಜಾಗರಣೆಯನ್ನು ಅವರೇ ನಿಲ್ಲಿಸಿದರು. “ನಿದ್ದೆಗೆಟ್ಟರೆ ನಿನಗೆ ಆಗೋದಿಲ್ಲ, ನಿನ್ನ ಪಾಲಿಂದೂ ನಾನೇ ಎದ್ದಿರ್ತೀನಿ” ಎನ್ನುತ್ತಿದ್ದರು. ಬ್ಯಾಂಕಿನ ಕ್ಲೋಸಿಂಗ್ ರಾತ್ರಿಗಳಿಂದ ವಿನಾಯಿತಿ ಸಿಕ್ಕಿದ್ದು ಮಾತ್ರ ಅಷ್ಟು ಸುಲಭವಾಗಿ ಅಲ್ಲ. ಮೂರು ಸಲ ಪ್ರಮಾಣಪತ್ರ ಕೊಡಬೇಕಾಯಿತು. ಪ್ರಯಾಣಕ್ಕೆ ಹೊರಟರೆ ಮೂರು ದಿನದ ಮಾತ್ರೆ ಅಂಗಿಯ ಜೇಬಿನಲ್ಲಿ, ಮಿಕ್ಕದ್ದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಕಳೆದರೂ ಜೇಬು ಕಳೆಯುವುದಿಲ್ಲ.

ಎಲ್ಲರಿಗೂ ಒಂದೇ ವೇಳಾಪಟ್ಟಿ ಎಂದು ತಿಳಿಯಬೇಡಿ. ಮದ್ದೂರಿನಲ್ಲಿರುವ ನನ್ನ ಅಣ್ಣನ ಮಗನಿಗೆ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಫಿಟ್ಸ್ ಬರುತ್ತದೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇದು ಬೇರೆಡೆಗಿಂತ ಹೆಚ್ಚು. ಅವನು ಉಗುರುಬೆಚ್ಚನೆ ನೀರಿನಲ್ಲೇ ಸ್ನಾನ ಮಾಡಬೇಕು. ಅದರ ಮೇಲೆ ತಲೆಸ್ನಾನದ ದಿನ ಒಂದೂವರೆ ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಒಂದು. ದೀಪಾವಳಿ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವನು ಅವನೇ.

ಅರವತ್ತೆರಡರಲ್ಲಿ ನಾನು ಬಚ್ಚಲಲ್ಲಿ ಜಾರಿದೆ. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಪರೀಕ್ಷೆ ಮಾಡಿಸಿದರೆ ಮೂಳೆ ಸವೆದಿತ್ತು. ವರ್ಷಗಟ್ಟಲೆ ಫೆನಿಟಾಯಿನ್ ತೆಗೆದುಕೊಂಡವರಲ್ಲಿ ಹೀಗಾಗುವುದುಂಟು, ವಿಟಮಿನ್ ಡಿ ಬೇಗ ಖರ್ಚಾಗುತ್ತದೆ. ಆಗ ಎರಡು ತಿಂಗಳ ಅವಧಿಯಲ್ಲಿ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುತ್ತಾ ಲೆವೆಟಿರಾಸೆಟಮ್‌ಗೆ ತಂದರು. ವಸಡು, ಮೂಳೆ ಎರಡಕ್ಕೂ ಅದರಿಂದ ತೊಂದರೆಯಿಲ್ಲ. ಮೂತ್ರಪಿಂಡ ನೋಡಿಕೊಂಡು ಪ್ರಮಾಣ ಇಟ್ಟರೆ ಸಾಕು. ಆದರೆ ನನ್ನಾಕೆ ಬೇರೊಂದನ್ನು ಗಮನಿಸಿದಳು. “ರೀ, ಪೇಪರಿನ ಹುಡುಗ ಹತ್ತು ನಿಮಿಷ ತಡ ಮಾಡಿದ್ದಕ್ಕೆ ನೀವು ಹೀಗೆ ಕಿರುಚೋರಲ್ಲ” ಎಂದಳು. ನನಗೆ ಸಿಟ್ಟು ಬರುತ್ತಿದೆ ಎನಿಸುತ್ತಿರಲಿಲ್ಲ, ಲೋಕವೇ ಕೆಟ್ಟಿದೆ ಎನಿಸುತ್ತಿತ್ತು. ಮುಂದಿನ ಸಲ ಅವಳೇ ಜೊತೆಗೆ ಬಂದು ವೈದ್ಯರಿಗೆ ಹೇಳಿದಳು. ಈ ಮದ್ದು ಕೆಲವರಲ್ಲಿ ಸಿಡುಕು ತರುತ್ತದಂತೆ. ಪ್ರಮಾಣ ಕಡಿಮೆಯಾಯಿತು, ಪೇಪರಿನ ಹುಡುಗ ಬಚಾವಾದ. ಮಾತ್ರೆಯ ಎಲ್ಲ ಪರಿಣಾಮವೂ ನುಂಗಿದವನಿಗೇ ತಿಳಿಯುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ನನ್ನ ಮಗಳ ಮಗಳು. ಹನ್ನೆರಡು ವರ್ಷ, ಏಳನೇ ತರಗತಿ. ಮಾತಾಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಎಲ್ಲೋ ನೋಡುತ್ತಾ ತುಟಿ ಚಪ್ಪರಿಸುತ್ತಿದ್ದಳು, ಕರೆದರೆ ಓಗೊಡುತ್ತಿರಲಿಲ್ಲ. ಹಗಲುಗನಸು ಎಂದುಕೊಂಡಿದ್ದರು. ಅದೂ ಅಪಸ್ಮಾರದ ಒಂದು ಬಗೆಯೇ. ಕಾರ್ಬಮಜೆಪಿನ್ ಶುರುವಾಯಿತು, ಬೆಳಿಗ್ಗೆ ಏಳಕ್ಕೊಂದು, ರಾತ್ರಿ ಏಳಕ್ಕೊಂದು. ಚಪ್ಪರಿಸುವುದು ನಿಂತಿತು. ಆದರೆ ತರಗತಿಯಲ್ಲಿ ನಿದ್ದೆ ಮಾಡುತ್ತಾಳೆ, ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ ಎಂದು ಶಾಲೆಯಿಂದ ದೂರು ಬಂತು. ಪರೀಕ್ಷೆ ಒಂದೂವರೆ ತಿಂಗಳಿತ್ತು.

ಅಳಿಯಂದಿರು, “ಮಾವ, ಪರೀಕ್ಷೆ ಮುಗಿಯೋವರೆಗೆ ಬೆಳಗಿನ ಮಾತ್ರೆ ಬಿಡಿಸೋಣ ಅಂತಿದ್ದೀನಿ” ಎಂದರು. ಒಳ್ಳೆಯ ಮನುಷ್ಯ, ಮಗುವಿನ ಮೇಲೆ ಪ್ರಾಣ. ನಾನು ಸಾಮಾನ್ಯವಾಗಿ ಅವರ ಸಂಸಾರದಲ್ಲಿ ಬಾಯಿ ಹಾಕುವವನಲ್ಲ. ಅಂದು ಹಾಕಿದೆ. ವೈದ್ಯರು ಹೇಳದೆ ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಬಿಡುವಿಲ್ಲದೆ ಫಿಟ್ಸ್ ಬರಬಹುದು, ಅದು ಪ್ರಾಣಕ್ಕೇ ಅಪಾಯ. “ಎರಡು ವಾರ ಕೊಡಿ, ಅಲ್ಲಿಯವರೆಗೆ ಒಂದು ಮಾತ್ರೆಯೂ ತಪ್ಪಕೂಡದು” ಎಂದೆ. ಮಗಳು ನನ್ನ ಕಡೆ ನಿಂತಳು.

ಅಂದು ಸಂಜೆ ಮೊಮ್ಮಗಳನ್ನು ವಾಕಿಂಗ್‌ಗೆ ಕರೆದುಕೊಂಡು ಹೋದೆ. ಬಹಳ ಹೊತ್ತಾದ ಮೇಲೆ ತಾನಾಗಿ, “ತಾತ, ಬೋರ್ಡ್ ಮೇಲೆ ಎಲ್ಲಾ ಎರಡೆರಡು ಕಾಣುತ್ತೆ. ಹೇಳಿದ್ರೆ ಮಾತ್ರೆ ಇನ್ನೂ ಜಾಸ್ತಿ ಮಾಡ್ತಾರೆ ಅಂತ ಹೇಳಲಿಲ್ಲ” ಎಂದಳು. ನನಗೆ ನನ್ನ ಲೆಡ್ಜರು ನೆನಪಾಯಿತು. ಆ ಮಗು ತಿಂಗಳುಗಟ್ಟಲೆ ಒಂದು ಕಣ್ಣು ಮುಚ್ಚಿಕೊಂಡು ಲೆಕ್ಕ ಬರೆದುಕೊಳ್ಳುತ್ತಿತ್ತಂತೆ.

ಒಂದು ಉದ್ದನೆಯ ನೋಟುಪುಸ್ತಕ ತಂದು ಮನೆ ಹಾಕಿದೆ. ತಾರೀಕು, ಮಾತ್ರೆ ತೆಗೆದುಕೊಂಡ ಹೊತ್ತು, ತಿಂಡಿ, ಎರಡೆರಡು ಕಂಡದ್ದು ಎಷ್ಟು ಗಂಟೆಗೆ, ಎಷ್ಟು ಹೊತ್ತು, ನಿದ್ದೆ. ಅವಳೇ ತುಂಬಿದಳು. ಎರಡು ವಾರದ ಪುಟ ನೋಡಿದರೆ ಯಾವ ಗುಮಾಸ್ತನಿಗೂ ಕಾಣುವಂತಿತ್ತು. ದಿನವೂ ಹತ್ತೂವರೆಯಿಂದ ಹನ್ನೆರಡರ ಒಳಗೆ, ಅಂದರೆ ಮಾತ್ರೆಯಾಗಿ ಮೂರೂವರೆಯಿಂದ ಐದು ಗಂಟೆ. ಗಣಿತದ ಪೀರಿಯಡ್ಡು ಸರಿಯಾಗಿ ಅಲ್ಲಿಗೆ ಬೀಳುತ್ತಿತ್ತು. ಮಧ್ಯಾಹ್ನದ ಪಾಠಗಳಲ್ಲಿ ತೊಂದರೆಯೇ ಇರಲಿಲ್ಲ.

ವೈದ್ಯರು ಪುಸ್ತಕವನ್ನು ಪೂರ್ತಿ ನೋಡಿದರು. ಆಮೇಲೆ ಅಪ್ಪ ಅಮ್ಮನನ್ನು ಬಿಟ್ಟು ಮಗುವನ್ನೇ ಪ್ರಶ್ನೆ ಕೇಳಿದರು. ಮದ್ದು ರಕ್ತಕ್ಕೆ ಒಮ್ಮೆಲೇ ಏರುತ್ತಿದೆ ಎಂದು ಹೇಳಿ, ಅದೇ ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆ ಬರೆದುಕೊಟ್ಟರು, ಬೆಳಗಿನ ಪಾಲು ಕಡಿಮೆ, ರಾತ್ರಿಯದು ಹೆಚ್ಚು. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಅಲ್ಲಿಯವರೆಗೆ ಮಾತ್ರೆಯನ್ನು ಅರೆದು ಬಾಳೆಹಣ್ಣಿನಲ್ಲಿ ಕೊಡುತ್ತಿದ್ದರು. ಈಗ ನುಂಗುವುದನ್ನು ಕಲಿಯಬೇಕಾಯಿತು. ಒಂದು ಚಮಚ ಮೊಸರಿನಲ್ಲಿ ಇಟ್ಟು ಅವರಜ್ಜಿ ಕಲಿಸಿದಳು.

ಎರಡೆರಡು ಕಾಣುವುದು ಹತ್ತು ದಿನದಲ್ಲಿ ನಿಂತಿತು. ಗಣಿತದಲ್ಲಿ ನೂರಕ್ಕೆ 61 ಬಂತು. ಇದಕ್ಕೆ ಮಾತ್ರೆ ಕಾರಣವಲ್ಲ, ಅವರಪ್ಪನ ಕಡೆಯ ವಂಶವೇ ಹಾಗೆ ಎಂದು ನನ್ನಾಕೆಯ ಅಭಿಪ್ರಾಯ. ತರಗತಿಯ ಮೇಡಂಗೆ ಹೇಳಬೇಕೋ ಬೇಡವೋ ಎಂದು ದೊಡ್ಡವರು ಇನ್ನೂ ಚರ್ಚೆ ಮಾಡುತ್ತಿದ್ದಾಗಲೇ ಅವಳು ತಾನೇ ಹೋಗಿ ಹೇಳಿಬಂದಳು, ನೋಟುಪುಸ್ತಕವನ್ನೂ ತೋರಿಸಿದಳಂತೆ.

ಎರಡು ವರ್ಷ ಪೂರ್ತಿ ಏನೂ ಬಾರದಿದ್ದರೆ ನಿಧಾನವಾಗಿ ಬಿಡಿಸುವ ಬಗ್ಗೆ ಯೋಚಿಸೋಣ ಎಂದಿದ್ದಾರೆ ವೈದ್ಯರು. ಈಗ ಏಳು ತಿಂಗಳಾಗಿದೆ. “ನಿಂದು ಯಾವಾಗ ಬಿಡಿಸ್ತಾರೆ ತಾತ?” ಎಂದು ಕೇಳಿದಳು. ನನ್ನದು ಬಿಡಿಸುವುದಿಲ್ಲಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಟುಪುಸ್ತಕದ ಹಿಂದಿನ ಪುಟ ತಿರುಗಿಸಿ ನನಗೊಂದು ಮನೆ ಹಾಕಿಕೊಟ್ಟಳು. ಅದರಲ್ಲಿ ‘ಸಿಟ್ಟು’ ಎಂದು ಒಂದು ಕಾಲಂ ಇದೆ. ಅದನ್ನು ತುಂಬುವುದು ಮಾತ್ರ ಅವರಜ್ಜಿ.