ಅಮ್ಮನ ಚಂದನ, ಆಗ್ನೇಯದ ಬಿಸಿಲು

ಡಿಶ್ ಕೂರಿಸುವುದು ಬ್ರಹ್ಮವಿದ್ಯೆಯೇನಲ್ಲ. ಬಿ.ಕಾಂ. ಓದಿ, ಮುಂಬೈಯ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದ ನನಗೇ ಬಂದಿದೆ ಅಂದ ಮೇಲೆ ನಿಮಗೂ ಬರುತ್ತದೆ.

ನಮ್ಮ ಮನೆಯಲ್ಲಿ ಇದು ಅಮ್ಮನ ಪ್ರಶ್ನೆ. ಅಪ್ಪ ಹೋದ ಮೇಲೆ ಕುಂದಾಪುರದ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಡೊಂಬಿವಲಿಗೆ ಬಂದವರು. ಎಂಬತ್ತೆರಡರಲ್ಲಿ ಹಿಂದಿ, ಮರಾಠಿ ಕಲಿಯಿರಿ ಅಂದರೆ ಆಗುತ್ತದೆಯೇ? ನಾವಿಬ್ಬರೂ ಕೆಲಸಕ್ಕೆ ಹೊರಟರೆ ಸಂಜೆವರೆಗೆ ಅವರೊಡನೆ ಕನ್ನಡದಲ್ಲಿ ಮಾತಾಡುವುದು ಚಂದನ ಒಂದೇ. ನಮ್ಮದು ದೂರದರ್ಶನದ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು, ತಿಂಗಳ ಬಾಡಿಗೆ ಇಲ್ಲ.

ಕಳೆದ ವರ್ಷ ಕಿಟಕಿಯೆದುರೇ ಹೊಸ ಕಟ್ಟಡ ಏಳತೊಡಗಿತು. ಜೂನ್‌ನಲ್ಲಿ ಅದು ಎಂಟನೇ ಮಹಡಿ ದಾಟಿದ ವಾರ ಚಂದನ ಹೋಯಿತು. ಅಮ್ಮ ಗಂಟೆ ಎಷ್ಟು ಅಂತ ಕೇಳುವುದನ್ನೇ ಬಿಟ್ಟರು. ಹಗಲೆಲ್ಲ ಮಲಗಿರುತ್ತಿದ್ದರು. ಕೊನೆಗೆ ಸೊಸೈಟಿಯವರು ಟೆರೇಸಿನಲ್ಲಿ ಜಾಗ ಕೊಡಲು ಒಪ್ಪಿದರು, ಆದರೆ ಒಂದೇ ಸಲ ಕೊರೆಯಬೇಕು ಅಂದರು. ಎಲ್ಲಿ ಕೊರೆಯುವುದು?

ಉತ್ತರ ಸೂರ್ಯನ ಹತ್ತಿರವಿತ್ತು. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರ, 93.5 ಡಿಗ್ರಿ ಪೂರ್ವ. ವರ್ಷಕ್ಕೆ ಎರಡು ಸಲ, ಮಾರ್ಚ್ ಎರಡನೇ ವಾರ ಮತ್ತು ಅಕ್ಟೋಬರ್ 1ರ ಆಸುಪಾಸು, ಸೂರ್ಯ ಸರಿಯಾಗಿ ಅದರ ಬೆನ್ನಿಗೆ ಬರುತ್ತಾನೆ. ಮುಂಬೈಯಲ್ಲಿ ಆಗ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆ. ಆ ಹೊತ್ತಿಗೆ ಬಿಸಿಲು ಬಿದ್ದ ಜಾಗಕ್ಕೆ ಉಪಗ್ರಹ ಕಾಣುತ್ತದೆ, ನೆರಳಿದ್ದಲ್ಲಿ ಇಲ್ಲ. ಅಷ್ಟರಲ್ಲಿ ಎದುರಿನ ಹದಿನಾಲ್ಕೂ ಮಹಡಿ ಎದ್ದಿದ್ದವು. ರಜೆ ಹಾಕಿ ಸೀಮೆಸುಣ್ಣ ಹಿಡಿದು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಹಿಂದೆ ಒಂದು ಚಾಪೆಯಷ್ಟು ಬಿಸಿಲು ಸಿಕ್ಕಿತು. ಗೆರೆ ಎಳೆದೆ.

ಮುಂದಿನದು ಸುಲಭ. ಪೈಪು ತೂಗುಗುಂಡಿನ ಲೆಕ್ಕದಲ್ಲಿ ನೆಟ್ಟಗಿರಲಿ. ಅದು ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರದ ಕೋನವೂ ಕೆಡುತ್ತದೆ. ಮುಂಬೈಗೆ ದಿಕ್ಕು ಉತ್ತರದಿಂದ 131 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ, ವಾಸ್ತುವಿನವರ ಅಡುಗೆಮನೆ ಮೂಲೆ. ಎತ್ತರ 57-58. ಆಮೇಲೆ ಕೂದಲೆಳೆಯಷ್ಟು ತಿರುಗಿಸಿ, ಎರಡು-ಮೂರು ಸೆಕೆಂಡು ಕಾಯಿರಿ, ಮತ್ತೆ ತಿರುಗಿಸಿ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ 600 ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಒಂದೂವರೆ ಡಿಗ್ರಿ ಪಕ್ಕದಲ್ಲೇ, 95ರಲ್ಲಿ, ಬೇರೆಯವರ ಉಪಗ್ರಹವಿದೆ.

ಟಿವಿ ಪರದೆಯಲ್ಲಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ನೋಡಿ ಹಿಗ್ಗಬೇಡಿ, ಖಾಲಿ ಆಕಾಶಕ್ಕೆ ಹಿಡಿದರೂ ಅದು ಏರಿರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸ್ಟ್ರೆಂತ್ ಕೊಟ್ಟ ಸಾಲ, ಕ್ವಾಲಿಟಿ ವಸೂಲಾದದ್ದು. ಕ್ವಾಲಿಟಿ ಅತಿ ಹೆಚ್ಚಿರುವಲ್ಲಿ ಬೋಲ್ಟ್ ಬಿಗಿ ಮಾಡಿ. ಮಳೆನೀರಿಗೂ ಇದೇ ಅಂತರ ಬೇಕು. ಜೋರು ಮಳೆ ಕ್ವಾಲಿಟಿಯನ್ನೇ ಮೊದಲು ತಿನ್ನುತ್ತದೆ.

ಬೇರೆ ಊರಿನವರಿಗೆ ದಿಕ್ಕು ಮತ್ತು ಎತ್ತರ, ಸುಮಾರಾಗಿ: ಪುಣೆ 132, 59, ಹೈದರಾಬಾದ್ 138, 63, ಚೆನ್ನೈ 134, 68, ದಿಲ್ಲಿ 149, 52.

ಆ ವಾರವೇ ಅಮ್ಮ ‘ಥಟ್ ಅಂತ ಹೇಳಿ’ಗೆ ಎಷ್ಟು ಹೊತ್ತಿದೆ ಅಂತ ಕೇಳಿದರು. ಉತ್ತರಗಳನ್ನು ನಾ. ಸೋಮೇಶ್ವರರಿಗಿಂತ ಮೊದಲೇ ಹೇಳುತ್ತಾರೆ, ಅರ್ಧ ತಪ್ಪು. ನಾವು ತಿದ್ದುವುದಿಲ್ಲ.