ಪುಣೆಯಲ್ಲೊಂದು ಜಪಾನು

ಊರಿನಿಂದ ನೆಂಟರು ಬಂದರೆ ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯಬೇಕೆಂಬುದು ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆಲ್ಲ ಬಾಯಿಪಾಠ. ಮೊದಲ ದಿನ ಶನಿವಾರವಾಡೆ, ಎರಡನೆಯ ದಿನ ಪರ್ವತಿ ಗುಡ್ಡ, ಕಾಲಿನಲ್ಲಿ ಕಸುವಿದ್ದವರಿಗೆ ಸಿಂಹಗಡ, ಹೊರಡುವ ದಿನ ಕಟ್ಟಿಕೊಡಲು ಬಾಕರವಡಿ. ನಮ್ಮ ಮನೆಯಲ್ಲಿಯೂ ಬಹಳ ವರ್ಷ ಇದೇ ಕ್ರಮ ನಡೆದು ಬಂದಿತ್ತು. ಆದರೆ ಕಳೆದ ದೀಪಾವಳಿಗೆ ಧಾರವಾಡದಿಂದ ನಮ್ಮ ಅವ್ವ ಬಂದಾಗ, ಮಗಳು ಈ ಪಟ್ಟಿಯನ್ನೇ ತಿದ್ದಿಬಿಟ್ಟಳು.

"ಈ ಸರ್ತಿ ಅಜ್ಜೀನ ಜಪಾನಿಗೆ ಕರಕೊಂಡು ಹೋಗೋಣ" ಎಂದಳು.

ಅವ್ವ ಗಾಬರಿಯಾಗಿ, "ಏ ತಂಗಿ, ನನ್ನ ಕಡೆ ಪಾಸ್‌ಪೋರ್ಟ್ ಎಲ್ಲೇದವಾ?" ಎಂದಳು.

ಮಗಳು ಹೇಳಿದ ಜಪಾನು ಇದ್ದದ್ದು ಸಿಂಹಗಡದ ರಸ್ತೆಯಲ್ಲಿ. ಅಲ್ಲಿಗೆ ಹೋಗುವ ಮುನ್ನ, ಈ ಜಪಾನು ನಮ್ಮ ಮನೆಯನ್ನು ಹೊಕ್ಕ ಬಗೆಯನ್ನು ವಾಚಕರಿಗೆ ತಿಳಿಸಬೇಕು. ಮಗಳು ಇಲ್ಲಿ ಜಪಾನೀ ಭಾಷೆಯಲ್ಲಿ ಎಂ.ಎ. ಓದುತ್ತಿದ್ದಾಳೆ. ನಮ್ಮ ದೇಶದಲ್ಲಿ ಈ ಭಾಷೆಯನ್ನು ಕಲಿಯುವವರು ಹೆಚ್ಚಾಗಿರುವ ಊರುಗಳಲ್ಲಿ ಪುಣೆಯೂ ಒಂದು. ಪುಣೆ ವಿಶ್ವವಿದ್ಯಾನಿಲಯದಲ್ಲಿ ಇದರ ಪಾಠವಿದೆ. 1921ರಲ್ಲಿ ಸ್ಥಾಪನೆಯಾದ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿಯೂ ಇದೆ. ಚಾಕಣದ ಕಾರ್ಖಾನೆಗಳಲ್ಲಿ, ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಭಾಷೆ ಬಲ್ಲವರಿಗೆ ಬೇಡಿಕೆ ಇದೆ. ಆದರೆ ಪುಣೆಗೂ ಜಪಾನಿಗೂ ಬೆಳೆದ ನಂಟು ನೌಕರಿಯ ಆಸೆಯಿಂದ ಹುಟ್ಟಿದ್ದಲ್ಲ. ಧೋಂಡೋ ಕೇಶವ ಕರ್ವೆಯವರ ಕೈಗೆ ಟೋಕಿಯೋದ ಮಹಿಳಾ ವಿಶ್ವವಿದ್ಯಾನಿಲಯದ ಕುರಿತಾದ ಒಂದು ಪುಸ್ತಿಕೆ ಬಂತು. 1901ರಲ್ಲಿ ಪ್ರಾರಂಭವಾದ ಆ ಸಂಸ್ಥೆಯ ವೃತ್ತಾಂತವನ್ನು ಓದಿ ಸ್ಫೂರ್ತಿಗೊಂಡ ಅವರು 1916ರಲ್ಲಿ ಪುಣೆಯಲ್ಲಿಯೇ ಭಾರತೀಯ ಮಹಿಳಾ ವಿದ್ಯಾಪೀಠವನ್ನು ತೆರೆದರು. ಅವರಿಗೂ ಮುಂಚೆ, ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಓದಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಮೊದಲಿಗರಾಗಿ ಮುಗಿಸಿದ ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಕಣ್ಣಾರೆ ಕಂಡು ಬಂದಿದ್ದರು. ಆ ಕಾಲದವರು ಜಪಾನಿನಿಂದ ಕಲಿಯಬಯಸಿದ್ದು ಒಂದು ದೇಶ ಮೇಲೇಳುವ ಬಗೆಯನ್ನು. ನಮ್ಮ ಮಗಳ ಪಾಲಿಗೆ ಬಂದ ವಿಷಯ ಒಂದು ದೇಶ ಮುಪ್ಪಾಗುವ ಬಗೆ.

ವಿಷಯಕ್ಕಿಂತ ಮೊದಲು ಬರವಣಿಗೆಯ ಪಾಠ. ಜಪಾನೀ ವಿದ್ಯಾರ್ಥಿಗಳು ಬರೆದು ಕಲಿಯುವ ಒಂದು ಬಗೆಯ ಹಾಳೆ ಇದೆ. ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತು, ಒಟ್ಟು 400 ಚೌಕ. ಒಂದೊಂದು ಚೌಕಕ್ಕೆ ಒಂದೊಂದೇ ಅಕ್ಷರ. ಪೂರ್ಣವಿರಾಮಕ್ಕೂ ಅದರದೇ ಮನೆ. ಹೊಸ ಪರಿಚ್ಛೇದ ಶುರುವಾದರೆ ಒಂದು ಮನೆ ಖಾಲಿ ಬಿಡಬೇಕು. ನಮ್ಮ 'ರಾಷ್ಟ್ರ', 'ಶಾಸ್ತ್ರ'ಗಳ ಒತ್ತಕ್ಷರಗಳು ಆ ಮನೆಗಳಲ್ಲಿ ಹೇಗೆ ಸಂಸಾರ ಮಾಡಿಯಾವೆಂದು ನಾವು ನಗೆಯಾಡಿದೆವು. ಮಗಳು ನಗಲಿಲ್ಲ. ಅವಳ ಕಷ್ಟ ಬೇರೆ ಇತ್ತು. ಮಾತಿನಲ್ಲಿ ವಾಕ್ಯದ ತುದಿಗೆ ಬರುವ 'ದೆಸು', 'ಮಸು' ಎಂಬ ವಿನಯದ ರೂಪಗಳನ್ನು ವಿದ್ವತ್ ಪ್ರಬಂಧದಲ್ಲಿ ಬಳಸುವಂತಿಲ್ಲ. ಅಲ್ಲಿ 'ದೆ ಆರು' ಎಂಬ ಬಿಗಿಯಾದ ರೂಪ ಬರಬೇಕು. 'ನನಗೆ ಹಾಗೆನ್ನಿಸುತ್ತದೆ' ಎಂದು ಬರೆಯುವಂತಿಲ್ಲ. ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದು ಯಾವುದು, ತಾನು ಊಹಿಸಿದ್ದು ಯಾವುದು, ಈ ಮೂರನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಹರಟೆಯಲ್ಲಿ ಈ ಮೂರನ್ನೂ ಕಲಸಿ ಉಣ್ಣುವ ನಮ್ಮಂಥವರಿಗೆ ಇದು ಕಠಿಣ ವ್ರತವೇ ಸರಿ.

ಅವಳು ಸಂಗ್ರಹಿಸಿದ ಸಂಗತಿಗಳನ್ನು ರಾತ್ರಿ ಊಟದ ಹೊತ್ತಿಗೆ ನಮಗೂ ಹೇಳುವಳು. ಜಪಾನಿನಲ್ಲಿ ಇಂದು ನೂರು ಮಂದಿಯಲ್ಲಿ ಇಪ್ಪತ್ತೊಂಬತ್ತು ಮಂದಿ 65 ದಾಟಿದವರು. 1963ರಲ್ಲಿ ನೂರು ವರ್ಷ ತುಂಬಿದವರು ಆ ದೇಶದಲ್ಲಿ 153 ಜನ ಮಾತ್ರ ಇದ್ದರು. ಸರಕಾರ ನೂರು ತುಂಬಿದವರಿಗೆಲ್ಲ ಬೆಳ್ಳಿಯ ಪಾನಪಾತ್ರೆಯನ್ನು ಉಡುಗೊರೆ ಕೊಡುವ ಪದ್ಧತಿಯನ್ನಿಟ್ಟಿತು. 2025ರ ಹೊತ್ತಿಗೆ ಶತಾಯುಷಿಗಳ ಸಂಖ್ಯೆ 99,763ಕ್ಕೆ ಏರಿತ್ತು. ಅಷ್ಟು ಬೆಳ್ಳಿಯನ್ನು ಎಲ್ಲಿಂದ ತರುವುದು? 2016ರಿಂದ ಪಾತ್ರೆಗೆ ಬೆಳ್ಳಿಯ ಲೇಪ ಮಾತ್ರ. 1980ರಲ್ಲಿ ವೃದ್ಧರಿದ್ದ ಮನೆಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಮೂರು ತಲೆಮಾರು ಒಟ್ಟಿಗಿತ್ತು. ಈಗ ಹತ್ತರಲ್ಲಿ ಒಂದು ಮನೆಯೂ ಹಾಗಿಲ್ಲ. ಮುದುಕರ ಆರೈಕೆಗೆಂದು 2000ದಲ್ಲಿ ಸರಕಾರ ಒಂದು ವಿಮೆಯನ್ನು ಜಾರಿಗೆ ತಂದಿತು. ನಾಲ್ವತ್ತು ದಾಟಿದವರೆಲ್ಲ ಅದಕ್ಕೆ ಹಣ ತುಂಬಬೇಕು. ಒಂಟಿಯಾಗಿ ಸತ್ತು, ದಿನಗಳ ನಂತರ ನೆರೆಯವರಿಗೆ ತಿಳಿಯುವ ಸಾವಿಗೆ ಅವರ ಭಾಷೆಯಲ್ಲಿ ಒಂದು ಶಬ್ದವೇ ಇದೆ, 'ಕೊದೊಕುಶಿ' ಎಂದು.

ಇದನ್ನು ಕೇಳಿ ನಾವು ಲೊಚಗುಟ್ಟಿದೆವು. "ನಮ್ಮಲ್ಲಿ ಹಂಗ ಇಲ್ಲ ನೋಡು. ನಮ್ಮ ಮಂದಿ ಹಿರಿಯರನ್ನ ಬಿಡೂದಿಲ್ಲ" ಎಂದೆವು. ಮಗಳಿಗೂ ಆ ಮಾತು ಹಿಡಿಸಿತು. ಪ್ರಬಂಧದ ಕೊನೆಗೆ, ಭಾರತದಲ್ಲಿ ಹಿರಿಯರು ಮಕ್ಕಳೊಡನೆ ಸುಖವಾಗಿರುತ್ತಾರೆಂದು ಬಿಗಿಯಾದ 'ದೆ ಆರು' ಹಚ್ಚಿ ಬರೆದಳು. ಹಾಳೆ ತಿರುಗಿ ಬಂದಾಗ ಆ ಸಾಲಿನ ಪಕ್ಕದಲ್ಲಿ ಗುರುಗಳು ಕೆಂಪು ಶಾಯಿಯಲ್ಲಿ ಎರಡೇ ಪ್ರಶ್ನೆ ಹಾಕಿದ್ದರು: ಯಾರ ಮನೆಯಲ್ಲಿ? ನಿಮಗೆ ಹೇಗೆ ಗೊತ್ತು?

ಮಗಳು ಹಾಳೆಯನ್ನು ನಮ್ಮ ಮುಂದಿಟ್ಟು, "ನಮ್ಮ ಅಜ್ಜಿ ಯಾವ ಲೆಕ್ಕಕ್ಕ ಬರ್ತಾಳ?" ಎಂದು ಕೇಳಿದಳು.

ನಾವು ಉತ್ತರ ಕೊಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಾಳಮಡ್ಡಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಪರಿಚಯದ ಕನ್ನಡ ಮನೆಗಳನ್ನು ಬೆರಳು ಮಡಿಸುತ್ತ ಎಣಿಸಿದೆವು: ಇವರ ತಾಯಿ ವಿಜಾಪುರದಲ್ಲಿ, ಅವರ ತಂದೆ ಶಿರಸಿಯಲ್ಲಿ, ಇನ್ನೊಬ್ಬರ ಅತ್ತೆ ಉಡುಪಿಯಲ್ಲಿ. ಯಾರೂ ಹಿರಿಯರನ್ನು ಬಿಟ್ಟವರಲ್ಲ. ಆದರೆ ಹಿರಿಯರು ಯಾರ ಜೊತೆಗೂ ಇರಲಿಲ್ಲ.

ಇಷ್ಟಾದ ಮೇಲೆ ಬಂದದ್ದು ಆ ದೀಪಾವಳಿ. ಪಾಡ್ಯದ ಮರುದಿನ ಅವ್ವನನ್ನು ಮಗಳ ಜಪಾನಿಗೆ ಕರೆದುಕೊಂಡು ಹೋದೆವು. ಸಿಂಹಗಡ ರಸ್ತೆಯ ಆ ತೋಟಕ್ಕೆ ಪುಣೆ-ಓಕಾಯಾಮಾ ಮೈತ್ರಿ ಉದ್ಯಾನವೆಂದು ಹೆಸರು. ಓಕಾಯಾಮಾ ನಗರದಲ್ಲಿ 1700ರಲ್ಲಿ ಪೂರ್ಣಗೊಂಡ ಕೊರಾಕುಎನ್ ಎಂಬ ತೋಟದ ಮಾದರಿಯಲ್ಲಿ ಇದನ್ನು ಕಟ್ಟಿದ್ದಾರೆ. ಜನರ ಬಾಯಲ್ಲಿ ಮಾತ್ರ ಇದು ಪು. ಲ. ದೇಶಪಾಂಡೆ ಉದ್ಯಾನ. ಜಪಾನಿನ ಪ್ರವಾಸವನ್ನು ಮರಾಠಿಯಲ್ಲಿ ಬರೆದ ಈ ವಿನೋದಿ ಲೇಖಕರು ಒಂದು ಕಾಲಕ್ಕೆ ನಮ್ಮ ಬೆಳಗಾವಿಯ ರಾಣಿ ಪಾರ್ವತೀದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ಒಳಗೆ ಹಸಿರು ಹುಲ್ಲಿನ ಇಳಿಜಾರು, ಹರಿಯುವ ನೀರು, ಕೊಳದಲ್ಲಿ ಮೀನು, ಪುಟ್ಟ ಸೇತುವೆ. ಹುಲ್ಲಿನ ಮೇಲೆ ಕೂಡ್ರಗೊಡುವುದಿಲ್ಲವೆಂದು ತಿಳಿದು ಅವ್ವನಿಗೆ ತುಸು ಬೇಸರವಾಯಿತು.

ಬೆಂಚಿನ ಮೇಲೆ ಕೂತು ಮಗಳು ಒಂದು ಸಂಗತಿಯನ್ನು ವಿವರಿಸಿದಳು. ಜಪಾನೀ ತೋಟಗಾರರು ಬೇಲಿಯಾಚೆಗೆ ದೂರದಲ್ಲಿ ಕಾಣುವ ಗುಡ್ಡವನ್ನೂ ತೋಟದ ಅಂಗವೆಂದೇ ಎಣಿಸುತ್ತಾರಂತೆ. ಅದಕ್ಕೆ 'ಎರವಲು ತಂದ ನೋಟ'ವೆಂದು ಹೆಸರು. ನಾವೂ ಧಾರವಾಡದಲ್ಲಿದ್ದ ಅವ್ವನನ್ನು ಹೀಗೆಯೇ ಪುಣೆಯ ಮನೆಯ ಲೆಕ್ಕಕ್ಕೆ ಹಿಡಿದಿದ್ದೆವಲ್ಲ ಎನ್ನಿಸಿತು. ಆಗ ಮಗಳು ಚೀಲದಿಂದ ವಹಿಯನ್ನು ತೆಗೆದು, ಪ್ರಬಂಧಕ್ಕೆ ಬೇಕೆಂದು ಹೇಳಿ, ನಾವು ಎಂದೂ ಕೇಳದ ಪ್ರಶ್ನೆಯನ್ನು ಕೇಳಿದಳು: "ಅಜ್ಜಿ, ನಿನಗ ಒಬ್ಬಾಕಿನ ಇದ್ದೀನಿ ಅಂತ ಅನಸ್ತದ?"

ಅವ್ವ ನೀರು ನೋಡುತ್ತ ಸ್ವಲ್ಪ ಹೊತ್ತು ಕೂತಳು. "ಹಗಲು ಅನಸೂದಿಲ್ಲ. ಕಟ್ಟಿಗೆ ಕೂತರ ಹತ್ತು ಮಂದಿ ಮಾತಾಡಸ್ತಾರ. ರಾತ್ರಿ ದೀಪ ಆರಸೂ ಮುಂದ ಅನಸ್ತದ" ಎಂದಳು.

"ಹಂಗಾದ್ರ ಇಲ್ಲೇ ಇದ್ದಬಿಡು" ಎಂದೆವು.

"ಇಲ್ಲಿ ಹಗಲೂ ಅನಸ್ತದ. ನೀವೆಲ್ಲಾ ಕೆಲಸಕ್ಕ ಹೋಗ್ತೀರಿ" ಎಂದು ಅವ್ವ ನಕ್ಕಳು.

ಅವ್ವ ರಾತ್ರಿಯ ಬಸ್ಸಿಗೆ ಧಾರವಾಡಕ್ಕೆ ಮರಳಿದಳು. ಮಗಳು ಪ್ರಬಂಧದ ಕೊನೆಯ ಪರಿಚ್ಛೇದವನ್ನು ಹೊಡೆದುಹಾಕಿ, ತಾನು ಬಲ್ಲ ಒಂದೇ ಮನೆಯ ಸಂಗತಿಯನ್ನು, ಒಂದೇ ಮನೆಯದೆಂದು ಹೇಳಿ ಬರೆದಳು. ಈ ಸಲ ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿ ಬೀಳಲಿಲ್ಲ. ನಾವೂ ಒಂದು ತಿದ್ದುಪಡಿ ಮಾಡಿಕೊಂಡಿದ್ದೇವೆ. ಮುಂಚೆ ಸಂಜೆ ಏಳಕ್ಕೆ ಫೋನು ಮಾಡಿ, "ಊಟ ಆತೇನು?" ಎಂದು ಕೇಳಿ ಇಡುತ್ತಿದ್ದೆವು. ಈಗ ಹತ್ತು ಗಂಟೆಗೆ, ಅವ್ವ ದೀಪ ಆರಿಸುವ ಹೊತ್ತಿಗೆ ಮಾಡುತ್ತೇವೆ. ಮಾತು ಹೆಚ್ಚೇನೂ ಇರುವುದಿಲ್ಲ. "ಹೂಂ, ಆರಸಿದೆ ನೋಡು" ಎನ್ನುತ್ತಾಳೆ. ಆಮೇಲೆ ನಾವೂ ನಮ್ಮ ದೀಪ ಆರಿಸುತ್ತೇವೆ.