ಹೆಬ್ಬಾಳದ ಏರಿನಲ್ಲಿ ಎಡಗಾಲಿನ ಪರೀಕ್ಷೆ

ಬೆಂಗಳೂರಿನ ಯಶವಂತಪುರದಿಂದ ಸರ್ ಸಿ.ವಿ. ರಾಮನ್ ರಸ್ತೆ ಹಿಡಿದು, ಟಾಟಾ ಇನ್‌ಸ್ಟಿಟ್ಯೂಟಿನ ಮಗ್ಗುಲಲ್ಲೇ ಮೇಖ್ರಿ ಸರ್ಕಲ್ಲಿಗೆ ಬಂದು, ಬಳ್ಳಾರಿ ರಸ್ತೆಗೆ ತಿರುಗಿ ಯಲಹಂಕ ಸೇರುವುದು ಬೈಕಿನವರಿಗೆ ದಿನನಿತ್ಯದ ಪಾಡು. ಎಂಜಿಎ 1500ರಲ್ಲಿ ಕೂತರೆ ಅದೇ ದಾರಿ ತನಿಖೆಯಾಗುತ್ತದೆ. 1955ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ ಬೆಳಕಿಗೆ ಬಂದು, 1962ರ ಹೊತ್ತಿಗೆ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ಎಲ್ಲ ಮಾದರಿಗಳೂ ಸೇರಿ 1,01,081 ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದು. ನಾನು ಕೂತಿರುವ ಕಾರಿಗೆ ಕ್ಲಚ್ ಪ್ಲೇಟ್ ಹಾಕಿಸಿದಷ್ಟೂ ಸಾಲದು. ಪ್ರತಿ ಸಲ ಎಂಜಿನ್ ಇಳಿಸಬೇಕು, ಪ್ರತಿ ಸಲ ಹೊಸ ಪ್ಲೇಟು, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಸುಟ್ಟ ವಾಸನೆ. ಪ್ಲೇಟಿನ ಕ್ವಾಲಿಟಿ ಸರಿಯಿಲ್ಲ ಎಂಬುದು ಗ್ಯಾರೇಜಿನ ತೀರ್ಪು. ನನಗೆ ಅದು ಒಪ್ಪಿಗೆಯಿಲ್ಲ. ಬೇರೆ ಬೇರೆ ಕಡೆಯಿಂದ ತಂದ ಪ್ಲೇಟುಗಳೆಲ್ಲ ಒಂದೇ ರೀತಿ ಸಾಯುತ್ತಿದ್ದರೆ, ಕೊಲ್ಲುತ್ತಿರುವುದು ಪ್ಲೇಟಿನ ಹೊರಗೆ ಎಲ್ಲೋ ಕೂತಿದೆ.

ಮೊದಲ ಸಂಶಯ ರಸ್ತೆಯ ಮೇಲೇ ಬೀಳುತ್ತದೆ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಲಾರಿಗಳ ಹಿಂದೆ ತೆವಳುವಾಗ ಈ ಅನುಮಾನ ಬಾರದಿದ್ದರೇ ಆಶ್ಚರ್ಯ. ಎಂಜಿಎ ಟಾಪ್ ಗೇರಿನಲ್ಲಿ ಸಾವಿರ ಆರ್‌ಪಿಎಂಗೆ ಗಂಟೆಗೆ ಸುಮಾರು 27 ಕಿ.ಮೀ. ಓಡುತ್ತದೆ. ಮೊದಲ ಗೇರಿನ ಅನುಪಾತ 3.64 ಅಂದಮೇಲೆ ಐಡ್ಲಿಂಗಿನಲ್ಲಿ ಬಿಟ್ಟರೆ ಗಂಟೆಗೆ ಸುಮಾರು 6 ಕಿ.ಮೀ., ಎರಡನೆಯದರಲ್ಲಿ 10. ಅದಕ್ಕಿಂತ ನಿಧಾನವಾಗಿ ಹೋಗಬೇಕೆಂದರೆ ಹಾಫ್ ಕ್ಲಚ್ಚೇ ಗತಿ. ಸಾಲದ್ದಕ್ಕೆ ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಚಲಿಸುತ್ತಿರುವಾಗ ಅದಕ್ಕೆ ಇಳಿಸಲು ಹೋದರೆ ಕರಕರ ಸದ್ದು. ಹಾಗಾಗಿ ಚಾಲಕ ಎರಡನೇ ಗೇರಿನಲ್ಲೇ ಅರ್ಧ ಕ್ಲಚ್ಚು ಒತ್ತಿಕೊಂಡು ತೆವಳುತ್ತಾನೆ, ಇಲ್ಲವೇ ಸಿಗ್ನಲ್ಲಿನಲ್ಲಿ ಮೊದಲ ಗೇರು ಹಾಕಿ ಪೆಡಲು ಪೂರ್ತಿ ತುಳಿದು ಕೂರುತ್ತಾನೆ. ಮೊದಲ ಅಭ್ಯಾಸ ಪ್ಲೇಟಿನ ಲೈನಿಂಗ್ ತಿನ್ನುತ್ತದೆ, ಎರಡನೆಯ ಅಭ್ಯಾಸ ರಿಲೀಸ್ ಬೇರಿಂಗ್ ತಿನ್ನುತ್ತದೆ. ಈ ಕಾರಿನ ರಿಲೀಸ್ ಬೇರಿಂಗಿನಲ್ಲಿ ಗುಂಡುಗಳಿಲ್ಲ, ಇರುವುದು ಒಂದು ಕಾರ್ಬನ್ ಉಂಗುರ. ಪೆಡಲು ತುಳಿದಷ್ಟು ಹೊತ್ತೂ ಅದು ತಿರುಗುವ ಉಕ್ಕಿಗೆ ಉಜ್ಜುತ್ತಲೇ ಇರುತ್ತದೆ. ಗೇರು ಬದಲಿಸುವ ಒಂದೆರಡು ಸೆಕೆಂಡಿಗೆ ಸಾಕಾಗುವ ವಸ್ತು ಅದು. ಮೇಖ್ರಿ ಸರ್ಕಲ್ಲಿನ ಕಾಯುವಿಕೆಗೆ ಮಾಡಿದ್ದಲ್ಲ.

ಹಾಗಾದರೆ ಟ್ರಾಫಿಕ್ಕೇ ಕಾರಣ, ವಾದ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಟ್ರಾಫಿಕ್ಕು ಕ್ಲಚ್ಚಿನ ಆಯುಷ್ಯ ಕಡಿಮೆ ಮಾಡುತ್ತದೆ, ನಿಜ. ಆದರೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯುವ ಚಾಲಕನ ಕೈಯಲ್ಲೂ ಪ್ಲೇಟು ತಿಂಗಳುಗಳಲ್ಲಿ ಸುಟ್ಟರೆ ಆ ವಿವರಣೆ ಸಾಲದು. ಬಳ್ಳಾರಿ ರಸ್ತೆಯಿಂದ ಬಲಕ್ಕೆ ಸರಿದು ಆರ್.ಟಿ. ನಗರಕ್ಕೆ ಸುತ್ತು ಹಾಕುವುದು ಇದಕ್ಕೇ. ಅಲ್ಲಿನ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಪೆಡಲು ಪೂರ್ತಿ ಒತ್ತಿ, ನಾಲ್ಕೈದು ಎಣಿಸಿ ರಿವರ್ಸ್ ಹಾಕಿದರೆ ಕಾಯಿಲೆಯ ಜಾತಿ ಗೊತ್ತಾಗುತ್ತದೆ. ಕ್ಲಚ್ಚಿಗೆ ಇರುವುದು ಎರಡೇ ರೋಗ: ಬಿಡದಿರುವುದು ಮತ್ತು ಹಿಡಿಯದಿರುವುದು. ರಿವರ್ಸ್ ಗೇರು ಬೀಳದೆ ಕಿರುಚಿದರೆ ಕ್ಲಚ್ಚು ಬಿಡುತ್ತಿಲ್ಲ. ಆಗ ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರು ಬಿದ್ದರೆ ಕ್ಲಚ್ಚಿನ ಎಣ್ಣೆಯ ಲೈನಿಗೆ ಏರ್ ಹಿಡಿದಿದೆ, ಇಲ್ಲವೇ ಸೀಲು ಹೋಗಿದೆ. ಕಾರಿನ ಕೆಳಗೆ ಮಲಗಿ, ಇನ್ನೊಬ್ಬರಿಂದ ಪೆಡಲು ತುಳಿಸಿ, ಆ ಎಣ್ಣೆಯ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ಪುಶ್‌ರಾಡ್ ಎಷ್ಟು ಚಲಿಸುತ್ತದೆಂದು ಸ್ಕೇಲು ಹಿಡಿದು ನೋಡುವುದು ಇನ್ನೂ ಒಳ್ಳೆಯದು. ಅರ್ಧ ಇಂಚಿನ ಆಸುಪಾಸು ಬಾರದಿದ್ದರೆ ದೋಷ ಹೊರಗಿದೆ: ಸವೆದ ಪಿನ್ನು, ಸೋರುವ ಮಾಸ್ಟರ್ ಸಿಲಿಂಡರ್. ಅದು ಸರಿಯಿದ್ದೂ ಗೇರು ಬೀಳದಿದ್ದರೆ ಮಾತ್ರ ಒಳಗೆ ನೋಡಬೇಕು. ಕ್ರ್ಯಾಂಕಿನ ತುದಿಯ ಕಂಚಿನ ಬುಶ್ ಕಚ್ಚಿಕೊಂಡಿರಬಹುದು. ಜೋಡಿಸುವಾಗ ಗೇರ್‌ ಬಾಕ್ಸಿನ ಭಾರವೆಲ್ಲ ಪ್ಲೇಟಿನ ಮೇಲೆ ಬಿದ್ದು ಅದು ಬಾಗಿರಲೂಬಹುದು. ಈ ಕಾರಿನಲ್ಲಿ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಅಂದರೆ ಬಿಡುವ ವಿಷಯದಲ್ಲಿ ತಕರಾರಿಲ್ಲ.

ಇನ್ನು ಹಿಡಿಯುವ ವಿಷಯ. ಅದನ್ನು ಕೇಳಬೇಕಾದ ಜಾಗ ಹೆಬ್ಬಾಳದ ಫ್ಲೈಓವರ್. ಸಮತಟ್ಟು ರಸ್ತೆಯಲ್ಲಿ ಜಾರುವ ಕ್ಲಚ್ಚು ಸಭ್ಯವಾಗಿ ವರ್ತಿಸುತ್ತದೆ. ಏರಿನಲ್ಲಿ, ಮೇಲಿನ ಗೇರಿನಲ್ಲಿ, ಭಾರ ಬಿದ್ದಾಗಲೇ ನಿಜ ಹೊರಬರುವುದು. ವೆಟರ್ನರಿ ಕಾಲೇಜು ದಾಟಿ ಏರು ಶುರುವಾಗುವಲ್ಲಿ ಮೂರನೇ ಗೇರು, ಗಂಟೆಗೆ 40 ಕಿ.ಮೀ. ಲೆಕ್ಕದ ಪ್ರಕಾರ ಟ್ಯಾಕೋಮೀಟರಿನ ಮುಳ್ಳು 2000ದ ಹತ್ತಿರ ಇರಬೇಕು. ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಮೇಲಕ್ಕೆ ಓಡುತ್ತದೆ, ಕಾರು ಮಾತ್ರ ಅಲ್ಲೇ. ತಮಾಷೆಯೆಂದರೆ ಯಶವಂತಪುರದಲ್ಲಿ ತಣ್ಣಗೆ ಹೊರಟಾಗ ಈ ಲಕ್ಷಣ ಇರಲಿಲ್ಲ. ಲೈನಿಂಗ್ ಸವೆದಿದ್ದರೆ, ಇಲ್ಲವೇ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಸತ್ತಿದ್ದರೆ, ಬೆಳಗ್ಗೆಯೂ ಸ್ವಲ್ಪ ಜಾರಬೇಕಿತ್ತು. ಬಿಸಿಯಾದ ಮೇಲಷ್ಟೇ, ನಾಲ್ಕಾರು ಸಿಗ್ನಲ್ ಕಳೆದ ಮೇಲಷ್ಟೇ ಜಾರುವ ಕ್ಲಚ್ಚು ಬೇರೇನೋ ಹೇಳುತ್ತಿದೆ: ಕಾಲು ತೆಗೆದರೂ ಯಾರೋ ಪೆಡಲನ್ನು ತುಸು ಒತ್ತಿ ಹಿಡಿದಿದ್ದಾರೆ ಎಂದು.

ಹಾಗೆ ಒತ್ತಿ ಹಿಡಿಯಬಲ್ಲವು ಎರಡು. ಒಂದು, ಮಾಸ್ಟರ್ ಸಿಲಿಂಡರ್. ಎಂಜಿಎಯಲ್ಲಿ ಬ್ರೇಕು ಮತ್ತು ಕ್ಲಚ್ಚಿಗೆ ಸೇರಿ ಜೋಡಿ ಕೊಳವೆಯ ಒಂದೇ ಸಿಲಿಂಡರ್, ಒಂದೇ ಎಣ್ಣೆ ಡಬ್ಬಿ. ಪುಶ್‌ರಾಡಿಗೆ ಕೂದಲೆಳೆಯಷ್ಟು ಸಡಿಲ ಬಿಡದೆ ಬಿಗಿದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಎಣ್ಣೆ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಅದು ಕ್ಲಚ್ಚನ್ನೇ ತಳ್ಳುತ್ತದೆ. ಇನ್ನೊಂದು, ಸ್ಲೇವ್ ಸಿಲಿಂಡರಿಗೆ ಹೋಗುವ ರಬ್ಬರ್ ಹೋಸ್. ಹೊರಗೆ ಚೆನ್ನಾಗಿ ಕಂಡರೂ ಹಳೆಯ ಹೋಸಿನ ಒಳಗೋಡೆ ಊದಿ, ಪದರ ಬಿಟ್ಟು, ಬೋರ್‌ವೆಲ್ಲಿನ ಫುಟ್‌ವಾಲ್ವ್ ಥರ ಒಂದೇ ದಿಕ್ಕಿಗೆ ದಾರಿ ಕೊಡುತ್ತದೆ. ಕಾಲಿನ ಬಲಕ್ಕೆ ಎಣ್ಣೆ ಮುಂದೆ ಹೋಗುತ್ತದೆ; ಸ್ಪ್ರಿಂಗಿನ ಬಲ ಕಡಿಮೆ, ಅದಕ್ಕೆ ಹಿಂದೆ ತಳ್ಳಲಾಗುವುದಿಲ್ಲ. ಫ್ಲೈಓವರ್ ಇಳಿದು ಬ್ಯಾಟರಾಯನಪುರದ ಕಡೆ ಸರ್ವಿಸ್ ರೋಡಿನಲ್ಲಿ ನಿಲ್ಲಿಸಿ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ ಒಂದು ಸುತ್ತು ಸಡಿಲಿಸಿದರೆ, ಪೆಡಲು ಯಾರೂ ಮುಟ್ಟದಿದ್ದರೂ ಎಣ್ಣೆ ಚಿಮ್ಮುತ್ತದೆ. (ಪೇಂಟಿಗೆ ತಾಗದಂತೆ ಬಟ್ಟೆ ಹಿಡಿಯಬೇಕು, ಬ್ರೇಕ್ ಆಯಿಲ್ ಬಣ್ಣ ಕಿತ್ತುಬಿಡುತ್ತದೆ.) ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಡ. ಎರಡರಲ್ಲಿ ಯಾವುದು ಎಂದು ತಿಳಿಯಲು, ಮತ್ತೆ ಜಾರತೊಡಗಿದಾಗ ನಿಪ್ಪಲ್ ಬದಲು ಹೋಸಿಗಿಂತ ಮೇಲಿನ ಲೋಹದ ಪೈಪಿನ ಜೋಡಣೆ ಸಡಿಲಿಸಬೇಕು. ಅಲ್ಲಿ ಒತ್ತಡ ಇಳಿದು ಕ್ಲಚ್ಚು ಹಿಡಿದರೆ ತಪ್ಪು ಮಾಸ್ಟರ್ ಸಿಲಿಂಡರಿನದು, ಇಳಿಯದಿದ್ದರೆ ಹೋಸಿನದು.

ಎಂಜಿನ್ ಎಣ್ಣೆಯ ಮೇಲಿನ ಸಂಶಯವನ್ನೂ ಇಲ್ಲೇ ತೀರಿಸಿಕೊಳ್ಳಬಹುದು. ಈ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಗೆ ರಬ್ಬರ್ ಸೀಲಿಲ್ಲ. ಶಾಫ್ಟಿನ ಮೇಲೆ ಕೊರೆದ ತಿರುಪೇ ಎಣ್ಣೆಯನ್ನು ಒಳಕ್ಕೆ ತಿರುಗಿಸಿ ಕಳಿಸಬೇಕು. ಮೂತಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಹಿಂದಕ್ಕೆ ಹರಿದು ಲೈನಿಂಗಿಗೆ ಅಂಟುತ್ತದೆ. ಬೆಲ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಸುಮ್ಮನೆ ಅಲುಗಾಡುವ ಸ್ಪ್ಲಿಟ್ ಪಿನ್ನು. ಅದು ಅಲುಗಾಡುತ್ತ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಎಣ್ಣೆ ತೊಟ್ಟಿಕ್ಕಿದರೆ ಸುಳಿವು ಕೊಡುತ್ತದೆ. ಇಲ್ಲಿ ಅದು ಒಣಗಿದೆ. ಉಪಯೋಗವಿಲ್ಲವೆಂದು ಆ ಪಿನ್ನನ್ನು ಕಿತ್ತು ಬಿಸಾಡುವ ಗ್ಯಾರೇಜುಗಳಿವೆ!

ಜಕ್ಕೂರು ದಾಟಿ ಯಲಹಂಕದ ಕಡೆ ಹೋಗುವಾಗ ಮೇಲೆ ಎಲಿವೇಟೆಡ್ ರಸ್ತೆ, ಕೆಳಗೆ ನಿಂತು ಹೊರಡುವ ಸರ್ವಿಸ್ ರೋಡು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯ ಸ್ವಭಾವವೇ ಬದಲಾಯಿತು. ಹಳೆಯ ಕಾರಿಗೆ ಮೇಲಿನದೇ ಕ್ಷೇಮ. ಇಲ್ಲಿ ಎದುರಾಗುವ ಗಟ್ಟಿ ಆಕ್ಷೇಪ ಬೇರೆ: ಹೇಗೂ ಎಂಜಿನ್ ಇಳಿಸುತ್ತೀರಿ, ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಸಿಲಿಂಡರು ಎಲ್ಲ ಒಟ್ಟಿಗೆ ಬದಲಿಸಿ, ಕಾರ್ಬನ್ ತೆಗೆದು ಬಾಲ್ ಬೇರಿಂಗ್ ಹಾಕಿ, ತನಿಖೆ ಯಾಕೆ? ಕೂಲಿ ಉಳಿಸುವ ಲೆಕ್ಕ ಸರಿಯೇ. ಆದರೆ ಎಲ್ಲವನ್ನೂ ಬದಲಿಸಿ ಹೋಸನ್ನು ಮರೆತರೆ, ಹೊಸ ಸಾಮಾನೆಲ್ಲ ಹಳೆಯ ದಾರಿಯಲ್ಲೇ ಹೋಗುತ್ತದೆ. ಈ ಕಾರಿನ ಮಟ್ಟಿಗೆ ಆಗುತ್ತ ಬಂದಿರುವುದೂ ಅದೇ ಎಂದು ನನ್ನ ಊಹೆ. ಬಾಲ್ ಬೇರಿಂಗಿಗೂ ಸದಾ ಒತ್ತಡ ಒಳ್ಳೆಯದಲ್ಲ. ಹಳೆಯ ಅಂಬಾಸಡರಿನ ಎಂಜಿನ್ನೂ ಇದೇ ಬಿಎಂಸಿ ಬಿ-ಸೀರೀಸ್ ಕುಲದ 1489 ಸಿಸಿ, ಅದರ ಪ್ಲೇಟು ಜೆ.ಸಿ. ರಸ್ತೆಯಲ್ಲಿ ಹುಡುಕಿದರಾಯಿತು ಎಂಬ ಸಲಹೆಯೂ ಇದೆ. ಎಂಜಿನ್ ಒಂದೇ ಕುಲದ್ದಾದ ಮಾತ್ರಕ್ಕೆ ಗೇರ್‌ ಬಾಕ್ಸಿನ ಶಾಫ್ಟೂ ಅದೇ ಆಗಬೇಕಿಲ್ಲ. ಸ್ಪ್ಲೈನಿನ ಹಲ್ಲು ಎಣಿಸಿ, ವ್ಯಾಸ ಅಳೆದು, ಆಮೇಲೆ ದುಡ್ಡು ಕೊಡಬೇಕು. ತೆಗೆದ ಪ್ಲೇಟನ್ನು ಗುಜರಿಗೆ ಹಾಕುವ ಮುಂಚೆ ಓದಲೂಬೇಕು: ಎಣ್ಣೆಯ ಕಲೆಯಿಲ್ಲದೆ ಎರಡೂ ಮುಖ ಸಮನಾಗಿ ಕಪ್ಪಾಗಿ, ಫ್ಲೈವೀಲ್ ನೀಲಿಗಟ್ಟಿದ್ದರೆ, ಅದು ಶಾಖದಿಂದ ಸತ್ತದ್ದು. ಯಲಹಂಕ ತಲುಪಿದ ಮೇಲೆ ಮಾಡಬೇಕಾದ್ದು ಮೇಲಿನ ಪೈಪು ಸಡಿಲಿಸಿ ನೋಡುವ ಆ ಉಳಿದ ಪರೀಕ್ಷೆ. ಹೋಸು ಬದಲಿಸಲು, ಪುಶ್‌ರಾಡ್ ಸರಿಮಾಡಲು ಎಂಜಿನ್ ಇಳಿಸುವ ಅಗತ್ಯವೇ ಇಲ್ಲ.